ಪಾಲಮ್ಮ ಹಾಕಿದ ಒಲೆಗಳು

ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನ ಆ ಹಟ್ಟಿಯಲ್ಲಿ ಯಾವ ಮನೆಯ ಮಗ ಬೇರೆಯಾದರೂ ಮೊದಲು ಕರೆ ಬರುತ್ತಿದ್ದುದು ಪಾಲಮ್ಮನಿಗೆ. ಗೋಡೆ ಆಮೇಲೆ, ಬಾಗಿಲು ಆಮೇಲೆ. ಸೊಸೆಗೆ ಒಲೆ ಮೊದಲು. ಹುತ್ತದ ಮಣ್ಣಿಗೆ ಶೇಂಗಾ ಹೊಟ್ಟು ಕಲಸಿ ಅವಳು ಹಾಕಿದ ಒಲೆ ಹತ್ತು ವರ್ಷ ಬಿರುಕು ಬಿಡುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಬೇಸಿಗೆ. ಜನಗಣತಿಗೆ ಮುಂಚೆ ಮನೆಗಳಿಗೆ ನಂಬರು ಹಾಕಲು ಕೃಷ್ಣಮೂರ್ತಿ ಮೇಷ್ಟ್ರು ಕೆಮ್ಮಣ್ಣಿನ ಡಬ್ಬಿ ಹಿಡಿದು ಬಂದರು. ಐವತ್ತು ಸಂಸಾರ ತುಂಬಿದರೆ ಹಟ್ಟಿಗೇ ಶಾಲೆ ಕೊಡುತ್ತೇವೆಂದು ಕಚೇರಿಯವರು ಹೇಳಿದ್ದರು. ಇದ್ದ ಶಾಲೆಗೆ ನಾಲ್ಕು ಮೈಲಿ ಕಾವಲು ದಾಟಬೇಕು. ಪಾಲಮ್ಮನ ಆರು ವರ್ಷದ ಮೊಮ್ಮಗಳು ಹರ್ಷಿತಾ ಕುರಿಮರಿ ಕಾಯುತ್ತ ಉಳಿದಿದ್ದಳು.

ಹಟ್ಟಿಯ ಯಜಮಾನ ದೊಡ್ಡಪಾಲಯ್ಯ ತನ್ನ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ. “ನಾಕು ಗಂಡುಮಕ್ಳು, ಹದಿನೇಳು ಮೊಮ್ಮಕ್ಳು, ಎಲ್ಲಾ ಒಂದೇ ಸಂಸಾರ! ಬರ್ಕಳ್ರಿ.” ಮನೆ ಒಡೆದಿದೆ ಎಂದು ಹೊರಗಿನವರೆದುರು ಹೇಳುವುದು ಅವನಿಗೆ ಮಾನಗೇಡು. ಅವನನ್ನು ನೋಡಿ ಉಳಿದವರೂ ಹಾಗೇ ಅಂದರು. ಮಧ್ಯಾಹ್ನಕ್ಕೆ ಮೇಷ್ಟ್ರ ಲೆಕ್ಕ ಇಪ್ಪತ್ತೊಂಬತ್ತಕ್ಕೇ ಮುಗಿಯಿತು.

ಕಟ್ಟೆಯ ಮೇಲೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಿದ್ದ ಪಾಲಮ್ಮ ಕೇಳಿದಳು: “ಸಂಸಾರ ಅಂದ್ರೆ ನಿಮ್ ಪುಸ್ತಕದಾಗೆ ಏನಂತ ಐತ್ರಿ ಮೇಷ್ಟ್ರೆ?”

“ಒಂದೇ ಒಲೇಲಿ ಬೇಯಿಸಿ ಉಣ್ಣೋರು, ಅಷ್ಟೇ ಅಮ್ಮ.”

“ಹಂಗಾರೆ ಬರ್ರಿ ನನ್ ಹಿಂದೆ.”

ಅವಳು ನೇರ ದೊಡ್ಡಪಾಲಯ್ಯನ ಮನೆಗೇ ನುಗ್ಗಿದಳು.

“ಎಲ್ಲಿಗಮ್ಮ ನುಗ್ತೀಯ?” ಎಂದು ಅವನು ಅಡ್ಡ ಬಂದ.

“ನಾನ್ ಹಾಕಿದ್ ಒಲೆ ನೋಡಾಕೆ ಕಣಣ್ಣ. ನಡುಮನ್ಯಾಗೆ ವೀರಮ್ಮಂದು, ಕೊಟ್ಟಿಗೆ ಪಕ್ಕ ಸೂರಮ್ಮಂದು, ಹಿತ್ತಲಾಗೆ ಇನ್ನೆರಡು. ಮನೆ ಒಂದೇಯ, ಹೊಗೆ ನಾಕು ಕಡೆ!”

“ಮಾವ ಸಾರು ಕುಡಿಯೋದು ಮಾತ್ರ ಸೂರಮ್ಮನ ಒಲೆದೇ,” ಎಂದಳು ಹಿರಿಸೊಸೆ ವೀರಮ್ಮ. ಒಳಗೆಲ್ಲ ನಗು.

ದೊಡ್ಡಪಾಲಯ್ಯನ ಮುಖ ಸಣ್ಣದಾಯಿತು. ಪಾಲಮ್ಮ ದನಿ ತಗ್ಗಿಸಿದಳು. “ಒಲೆ ಎಷ್ಟಾದ್ರೂ ಹಬ್ಬಕ್ಕೆ ಎಲ್ರೂ ನಿನ್ ಮುಂದೇ ತಾನೇ ಉಣ್ಣಾಕೆ ಕೂರೋದು? ಮಕ್ಳು ಓದ್ಲಿ ಬಿಡಣ್ಣ.”

ಅವನು ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. “ನಾಕು ಅಂತ ಬರ್ಕಳ್ರಿ ಮೇಷ್ಟ್ರೆ.”

ಆಮೇಲೆ ಒಲೆ ಎಣಿಸಲು ಯಾವ ಮನೆಯವರೂ ಅಡ್ಡ ಬರಲಿಲ್ಲ. ಯುಗಾದಿಗೆ ಹೊಸ ಮದುಮಕ್ಕಳಿಗೆಂದು ಹಾಕಿದ ಒಲೆಯೊಂದರ ಮುಂದೆ ಮಾತ್ರ ಪಾಲಮ್ಮನೇ ಬೇಡವೆಂದು ಕೈಯಾಡಿಸಿದಳು: “ಇದಿನ್ನೂ ಹೊತ್ತಿಲ್ಲ, ಬಿಡ್ರಿ.” ಅದನ್ನು ಬಿಟ್ಟೂ ಲೆಕ್ಕ ಐವತ್ತಮೂರಾಯಿತು.

ಎರಡು ವರ್ಷದಲ್ಲಿ ಹಟ್ಟಿಯ ಬೇಲಿಯ ಪಕ್ಕದಲ್ಲೇ ಶಾಲೆ ಎದ್ದಿತು. ಬಿಸಿಯೂಟ ಶುರುವಾದಾಗ ಒಲೆ ಹಾಕಲು ಪಾಲಮ್ಮನಿಗೇ ಕರೆ ಬಂತು. ಒಲೆಯ ಹಸಿಮಣ್ಣಿನ ಮೇಲೆ ಹರ್ಷಿತಾ ಕಡ್ಡಿಯಿಂದ ಏನೋ ಗೀಚಿದಳು.

“ಏನೇ ಬರ್ದೆ?”

“ನಿನ್ ಹೆಸ್ರು ಕಣಜ್ಜಿ.”

ಓದು ಬಾರದ ಪಾಲಮ್ಮ ಅಕ್ಷರಗಳಿಗೆ ಬೆರಳು ತಾಗದಂತೆ ಸುತ್ತಲೂ ಮಣ್ಣು ಸವರಿದಳು.