ಭೀಮಶ್ಯಾನ ಮನೆಗೆ ಬಿದ್ದ ಬಿಸಿಲು

ಸೇಡಂನ ತಾರೀಕ ಸೂರ್ಯನನ್ನೇ ಏರಿಸಿ ಇಳಿಸುತ್ತಿದ್ದ ಅಂದರೆ ನಗಬೇಡಿ. ಹೈದರಾಬಾದಿನಲ್ಲಿ ಆರು ತಿಂಗಳು ಅದನ್ನೇ ಕಲಿತು ಬಂದಿದ್ದ. ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರ ಮೇಲೆ ಬಿಸಿಲು ಬಿಟ್ಟು, ಎಕ್ಸ್‌ಪೋಷರ್, ಅಂದರೆ ಬೆಳಕಿನ ಪ್ರಮಾಣ, ಹೊಂದಿಸಿ, ಬಣ್ಣ ತಿದ್ದಿ, ಥೇಟ್ ಫೋಟೋದಂಥ ಚಿತ್ರ ಮಾಡಿಕೊಡುವುದು ಅವನ ಕಸುಬು. 2004ರ ಸೇಡಂನಲ್ಲಿ ಇದು ಯಾರಿಗೆ ಬೇಕಿತ್ತು? ಯಾರಿಗೂ ಬೇಕಿರಲಿಲ್ಲ.

ಕಂಪ್ಯೂಟರ್ ಕೂತಿದ್ದು ಹೆಂಡತಿ ಜಬೀನಾ ಬಟ್ಟೆ ಹೊಲಿಯುವ ಕೋಣೆಯಲ್ಲಿ. ಆಕೆಯ ಹೊಲಿಗೆ ಮಷೀನು ಪಾಪ, ಒಲೆಯ ಪಕ್ಕಕ್ಕೆ ಹೋಗಿತ್ತು. ಕೊನೆಗೆ ಆಕೆ ಕಡ್ಡಿ ಮುರಿದಂತೆ ಹೇಳಿದಳು: "ಭೀಮಶ್ಯಾ ಕಾಕಾ ನಿಮ್ಮ ಚಿತ್ರ ಒಪ್ಪಿದ್ರ ಈ ಡಬ್ಬಿ ಇಲ್ಲೇ ಇರಲಿ. ಇಲ್ಲಾಂದ್ರ ನನ್ನ ಮಷೀನು ಒಳಗ ಬರ್ತದ, ನೀವು ಅಬ್ಬಾನ ಜೋಡಿ ಫರಸಿ ಕಲ್ಲಿನ ಪಾಲಿಶಿಗೆ ಹೋಗ್ರಿ." ತಾರೀಕನಿಗೆ ಭಯವಾಯಿತು. ಭೀಮಶ್ಯಾನನ್ನು ಬಿಟ್ಟರೆ ಬೇರೆ ಗಿರಾಕಿ ಎಲ್ಲಿದ್ದರು!

ಕುರಕುಂಟಾದ ಭೀಮಶ್ಯಾ ಸಿಮೆಂಟ್ ಕಾರ್ಖಾನೆಯ ರಸ್ತೆಗೆ ಮನೆ ಕಟ್ಟಿಸುವವನಿದ್ದ. ಗಿಳಿಹಸಿರು ಗೋಡೆ ಬೇಕೆಂದಿದ್ದ. ತಾರೀಕ ಗೋಡೆ ಎಬ್ಬಿಸಿ ಮಧ್ಯಾಹ್ನದ ಬಿಸಿಲು ಬಿಟ್ಟ. ಪರದೆಯ ಮೇಲೆ ಮಬ್ಬು. ಎಕ್ಸ್‌ಪೋಷರ್ ಏರಿಸಿದ. ಮರುದಿನ ಇನ್ನಷ್ಟು ಮಬ್ಬು, ಇನ್ನಷ್ಟು ಏರಿಸಿದ. ಗುಲ್ಬರ್ಗಾಕ್ಕೆ ಹೋಗಿ ಪ್ರಿಂಟ್ ಹಾಕಿಸಿ ತಂದರೆ ಮನೆಯೇ ಇಲ್ಲ! ಹಾಳೆ ತುಂಬ ಬಿಳುಪು, ನಡುವೆ ಒಂದು ಬಾಗಿಲ ಚಿಲಕ.

"ಮನಿ ಎಲ್ಲದನೋ ತಮ್ಮಾ?" ಅಂದ ಭೀಮಶ್ಯಾ.

"ಬಿಸಿಲ ಜರಾ ಹೆಚ್ಚಾಗ್ಯದರಿ ಕಾಕಾ."

"ಮನಿ ಕಾಣದಷ್ಟು ಬಿಸಿಲೇನೋ? ನಾಕ ದಿನ ಬಿಟ್ಟು ಬರ್ತೀನಿ. ಆಗೂ ಹಿಂಗೇ ಇದ್ರ ನಂಗ ನಿನ್ನ ಚಿತ್ರ ಬ್ಯಾಡ."

ತಾರೀಕ ತಲೆ ಮೇಲೆ ಕೈಹೊತ್ತು ಕೂತ. ಜಬೀನಾ ಚಹಾ ಇಡಲು ಬಂದವಳು ಪರದೆಯ ಮೇಲೆ ಬೆರಳೆಳೆದಳು. ಬೆರಳು ಹೋದಲ್ಲೆಲ್ಲ ಕಣ್ಣು ಕುಕ್ಕುವ ಬೆಳಕು! "ಪರದೆ ಮುಟ್ಟಬೇಡ" ಎಂದು ಹೈದರಾಬಾದಿನ ಗುರು ಎಂದೋ ಹೇಳಿದ್ದನ್ನು ಈ ಪುಣ್ಯಾತ್ಮ ನಿಷ್ಠೆಯಿಂದ ಪಾಲಿಸಿ, ಎರಡು ತಿಂಗಳು ಅದಕ್ಕೆ ಬಟ್ಟೆಯನ್ನೇ ಸೋಕಿಸಿರಲಿಲ್ಲ. ಅಷ್ಟು ದಿನ ಅವನು ಸೂರ್ಯನನ್ನು ಏರಿಸಿದ್ದು ಪರದೆಗೆ ಕೂತ ಸಿಮೆಂಟ್ ಧೂಳನ್ನೇ ಚಿತ್ರದ ಮಬ್ಬೆಂದು ತಿಳಿದು.

"ಎಂಥಾ ಗಂಡ ಸಿಕ್ಕಾನಪಾ ನಂಗ!" ಎನ್ನುತ್ತ ಜಬೀನಾ ಪರದೆಯನ್ನು ಒಣಬಟ್ಟೆಯಲ್ಲಿ ಒರೆಸಿಕೊಟ್ಟಳು. ತಾರೀಕ ಎಲ್ಲವನ್ನೂ ಮೊದಲಿನಿಂದ ಹೊಂದಿಸಿದ. ಈ ಸಲದ ಪ್ರಿಂಟಿನಲ್ಲಿ ಮನೆ ಲಕಲಕ ಹೊಳೆಯಿತು.

ಭೀಮಶ್ಯಾ ಬಂದು ಹಾಳೆಯನ್ನು ಮೇಜಿನ ಮೇಲೆ ಹರವಿಕೊಂಡು ನೋಡಿದ, ದೂರ ನಿಂತು ನೋಡಿದ.

"ಭಾಳ ಚಂದ ಅದ. ಖರೆ ಇದು ಯಾರ ಮನಿ?"

"ನಿಮ್ಮದೇ ಅದರಿ ಕಾಕಾ!"

"ಫ್ಯಾಕ್ಟರಿ ರಸ್ತಾದಾಗ ಇಷ್ಟು ಸ್ವಚ್ಛ ಬಿಸಿಲ ಎಂದರ ಬಿದ್ದದೇನು? ಬ್ಯಾರೇದವರ ಮನಿ ತೋರಿಸಾಕತ್ತೀ ನೀನು." ಭೀಮಶ್ಯಾ ಚಪ್ಪಲಿ ಮೆಟ್ಟಲು ಹೊರಟ.

ತಾರೀಕನಿಗೆ ಅಳುವೇ ಬಂತು. ಬಾಗಿಲಲ್ಲಿ ನಿಂತ ಜಬೀನಾ ಗಂಡನ ಮುಖ ನೋಡಿದಳು, ಒಲೆಯ ಪಕ್ಕದ ತನ್ನ ಮಷೀನು ನೋಡಿದಳು. ಸುಮ್ಮನಿದ್ದರೆ ಕೋಣೆ ಆಕೆಯದೇ. "ಹೌದು ಕಾಕಾ, ಒಂದೀಟು ಕೆಲಸ ಉಳಿದದ. ನಿಂದ್ರಿ" ಅಂದವಳೇ, ಪರದೆ ಒರೆಸಿದ ಬಟ್ಟೆ ತಂದು ಚಿತ್ರದ ಮೇಲೆ ಎರಡು ಸಲ ಝಾಡಿಸಿದಳು. ಗಿಳಿಹಸಿರು ಗೋಡೆಯ ಮೇಲೆ ಸಿಮೆಂಟ್ ಧೂಳಿನ ಬೂದುಬಣ್ಣ ತೆಳ್ಳಗೆ ಇಳಿಯಿತು.

"ಹಾಂ! ಈಗ ನೋಡ್ರಿ, ಇದು ನಮ್ಮ ಮನಿ!" ಎಂದ ಭೀಮಶ್ಯಾ. ಅವನ ಕಣ್ಣು ತುಂಬಿ ಬಂದಿತ್ತು.

ಅಂದಿನಿಂದ ಕಾರ್ಖಾನೆಯ ರಸ್ತೆಯವರೆಲ್ಲ ತಾರೀಕನಲ್ಲಿಗೇ ಬಂದರು. ಬಣ್ಣದ ಕೊನೆಯ ತಿದ್ದುಪಡಿ ಜಬೀನಾಳದು. ಮಷೀನು ಇವತ್ತಿಗೂ ಒಲೆಯ ಪಕ್ಕದಲ್ಲೇ ಇದೆ, ಆ ಬಟ್ಟೆಯನ್ನು ಮಾತ್ರ ಆಕೆ ಯಾರಿಗೂ ಒಗೆಯಲು ಕೊಡುವುದಿಲ್ಲ.