ಹಗೇವಿಗಿಳಿದ ಮಾವ

ರೋಣದ ಪೇಟೆಯ ಆ ದರ್ಜಿಗೆ ಸ್ವಂತ ರೇಡಿಯೋ ಇರಲಿಲ್ಲ. ಹಾಸ್ಯನಾಟಕವಿದ್ದ ಸಂಜೆ ಹೊಲಿಗೆ ಬಿಟ್ಟು, ಕೊರಳಲ್ಲಿ ಟೇಪು ಜೋತಾಡುತ್ತಿದ್ದಂತೆಯೇ ನಮ್ಮ ಪಡಸಾಲೆಗೆ ಓಡಿಬರುತ್ತಿದ್ದರು. ಮರುದಿನ ಅವರ ಅಂಗಡಿ ತುಂಬ ಜನ. ಹತ್ತಿ ಗಾಡಿಯವರಿಗೆ, ಅಸೂಟಿಯಿಂದ ಸಂತೆಗೆ ಬಂದವರಿಗೆ ಅವರೇ ರೇಡಿಯೋ. ಮಾವನ ಗೊಗ್ಗರು ದನಿ, ಸೊಸೆಯ ಬಿಂಕ, ಬಾಗಿಲ ಕಿರ್ರೆನ್ನುವ ಸದ್ದು, ಒಂದನ್ನೂ ಬಿಡುತ್ತಿರಲಿಲ್ಲ! ನಡುವೆ ಯಾರಾದರೂ ಕಿಸಕ್ಕೆಂದರೆ ಕತ್ತರಿ ಎತ್ತಿ, "ತಡೀರಿ, ಇನ್ನೂ ನಗಬ್ಯಾಡ್ರಿ!" ಎನ್ನುತ್ತಿದ್ದರು.

ಎಲ್ಲರಿಗೂ ಅಚ್ಚುಮೆಚ್ಚಿನದು ಹಗೇವಿನ ಪ್ರಸಂಗ. ಬೀಗರು ಬಂದರೆಂದು ಜಿಪುಣ ಮಾವ ಜೋಳ ತುಂಬುವ ನೆಲದ ಹಗೇವಿಗಿಳಿದು ಅಡಗುತ್ತಾನೆ. ಮೇಲೆ ಸೊಸೆ ಬೀಗರಿಗೆ ತುಪ್ಪ ಬಡಿಸುವುದು ಕೇಳಿಸಿ, ಅಲ್ಲಿಂದಲೇ "ಸಾಕ! ಸಾಕ!" ಎಂದು ಒದರುತ್ತಾನೆ.

ಆ ನಾಟಕ ಮತ್ತೆ ಬರುತ್ತದೆಂದು ತಿಳಿದದ್ದೇ ತಡ, ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಗರು ಬಂದರು, ಉಂಡರು, ಹೋದರು. ನಾಟಕವೂ ಮುಗಿಯಿತು. ಮಾವ ಹಗೇವಿಗೆ ಇಳಿಯಲೇ ಇಲ್ಲ.

"ಚಲೋ ಭಾಗಾನ ತಗದಾರಲ್ರಿ!" ಅಬ್ಬಿಗೇರಿಯ ಮುದುಕರೊಬ್ಬರು ರೇಗಿದರು. "ರೇಡಿಯೋದವರಿಗೆ ಈಗಿಂದೀಗ ಕಾಗದಾ ಬರೀರಿ!"

ಅಕ್ಷರ ದುಂಡಗಿದೆಯೆಂದು ಪೆನ್ನು ನನ್ನ ಕೈಗೆ ಬಂತು. ಮೊದಲ ಸಲವೂ ಬಾಗಿಲ ಮರೆಯಲ್ಲಿ ನಿಂತು ನಾಟಕ ಕೇಳಿದವಳು ನಾನು. ಆಗಲೂ ಅದರಲ್ಲಿ ಹಗೇವು ಇರಲಿಲ್ಲ. ದರ್ಜಿಯ ಮುಖ ನೋಡಿದೆ, ನಗು ಉಕ್ಕಿತು.

"ತಡೀರಿ ಅಕ್ಕಾರ, ಇನ್ನೂ ನಗಬ್ಯಾಡ್ರಿ," ಎಂದು ಪಿಸುಗುಟ್ಟಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಎಲ್ಲಾದಕ್ಕಿಂತ ಆ ಭಾಗಾನ ಚಲೋ ಇತ್ತಂತ ದಪ್ಪ ಅಕ್ಷರದಾಗ ಬರೀರಿ!" ಎಂದರು.

ಬರೆದೆ. ಮೊದಲ ಸಹಿ ಅವರದೇ.