ಒಂಬತ್ತು ಅಡಿಯ ಕ್ರ್ಯಾಂಕ್

ಕಳೆದ ವಾರ ಬ್ರಹ್ಮಾವರದಲ್ಲಿ ಸ್ಕೂಟರನ್ನು ರಿಪೇರಿಗೆ ಕೊಟ್ಟು ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆಲ್ಲೋ ಕಬ್ಬಿಣ ಕಡಿಯುವ ಲೇತ್ ತಿರುಗುತ್ತಿತ್ತು. ಬಿಸಿ ಕಬ್ಬಿಣದ ಮೇಲೆ ಬಿದ್ದ ಎಣ್ಣೆನೀರಿನ ವಾಸನೆ, ಹಾಲು ಸೀದುಹೋದ ಹಾಗಿನ ವಾಸನೆ, ಮೂಗಿಗೆ ಬಡಿಯಿತು ನೋಡಿ, ಅಲ್ಲಿಗೆ ನನ್ನ ಕತೆ ಮುಗಿಯಿತು. ತಲ್ಲೂರಿನ ಹೆದ್ದಾರಿ ಬದಿಯ ನಮ್ಮ ಮನೆ, ಮನೆಗೆ ಅಂಟಿಕೊಂಡಿದ್ದ ತಗಡಿನ ಶೆಡ್, ಬಾಗಿಲ ಹಿಂದೆ ನೇತಾಡುತ್ತಿದ್ದ ಅಪ್ಪಯ್ಯನ ಕಪ್ಪು ಕಲೆಗಳ ಅಂಗಿ. ಆ ವಾಸನೆ ನಮ್ಮ ಚಾದರದಲ್ಲಿತ್ತು, ನನ್ನ ಪಾಠದ ಪುಸ್ತಕದಲ್ಲಿತ್ತು. ಶಾಲೆಯಲ್ಲಿ ಪಕ್ಕ ಕೂರುವವಳು ಮೂಗು ಮುಚ್ಚಿಕೊಂಡರೆ ನಾನು ಜಗಳ ತೆಗೆಯುತ್ತಿದ್ದೆ, ಮನೆಗೆ ಬಂದು ಅಪ್ಪಯ್ಯನ ಮೇಲೂ ಮುನಿಸಿಕೊಳ್ಳುತ್ತಿದ್ದೆ. ಈಗ ಅದೇ ವಾಸನೆಗಾಗಿ, ಸ್ಕೂಟರ್ ಸರಿಯಾದ ಮೇಲೂ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಯಾರಿಗೂ ಹೇಳಿಕೊಳ್ಳಲಾಗದ್ದು.

ಅಪ್ಪಯ್ಯ ಮುಂಬೈಗೆ ಹೋದದ್ದು ಹೋಟೆಲಿನಲ್ಲಿ ಮೇಜು ಒರೆಸಲು, ನಮ್ಮ ಕಡೆಯ ಎಲ್ಲರ ಹಾಗೆ. ಅಲ್ಲಿಂದ ಹೇಗೋ ಒಂದು ದೊಡ್ಡ ಕಾರ್ಖಾನೆಗೆ ಸೇರಿ ಟರ್ನರ್ ಆದರು. ಹಡಗಿನ ಎಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡ, ಅಂದರೆ ಕ್ರ್ಯಾಂಕ್, ಅದನ್ನು ಲೇತಿನಲ್ಲಿ ಕಡಿಯುವ ಕೆಲಸ. ಒಂದೊಂದೂ ನಮ್ಮ ಮನೆಯ ಉದ್ದಕ್ಕಿಂತ ಹೆಚ್ಚು, ಕ್ರೇನ್ ಇಲ್ಲದೆ ಅಲ್ಲಾಡದ್ದು ಎಂದು ಅವರು ಹೇಳುವಾಗ ಎರಡೂ ಕೈ ಚಾಚುತ್ತಿದ್ದರು, ಸಾಲುತ್ತಿರಲಿಲ್ಲ. ಆ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಹರಾಜು ಹಾಕಿದಾಗ ಅಪ್ಪಯ್ಯ ಅಲ್ಲಿದ್ದುದರಲ್ಲೇ ಸಣ್ಣದೊಂದು ಲೇತನ್ನು ಹಿಡಿದು ಲಾರಿಯಲ್ಲಿ ಊರಿಗೆ ತಂದರು. ಆ ಸಣ್ಣದು ನಮ್ಮ ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಇತ್ತು. ಗಂಗೊಳ್ಳಿಯ ಬೋಟುಗಳು, ಅಕ್ಕಿ ಗಿರಣಿಗಳು, ಹೊಳೆ ಬದಿಯ ಹಂಚಿನ ಕಾರ್ಖಾನೆಗಳು, ಎಲ್ಲರ ಕ್ರ್ಯಾಂಕೂ ನಮ್ಮಲ್ಲಿಗೇ ಬರುತ್ತಿತ್ತು. ಬೇರಿಂಗ್ ಕೂರುವ ದುಂಡು ಭಾಗಕ್ಕೆ ಜರ್ನಲ್ ಎನ್ನುತ್ತಾರೆ. ಅದು ಸವೆದು ಗೀರು ಬಿದ್ದರೆ ಕಡಿದು ನಯ ಮಾಡಬೇಕು. ಕಡಿದ ಕೂಡಲೇ ಅಪ್ಪಯ್ಯ ಅಳೆಯುತ್ತಿರಲಿಲ್ಲ. "ಬಿಸಿ ಕಬ್ಬಿಣ ಸುಳ್ಳ್ ಹೇಳತ್ತ್. ತಣದ್ ಮೇಲೆ ಕೇಳ್ಕ್" ಎಂದು ಗೋಣಿ ಹೊದೆಸಿ ಬಿಟ್ಟು, ಮರುದಿನ ಬೆಳಿಗ್ಗೆ ಬಿಸಿಲು ತಗಡಿಗೆ ಬೀಳುವ ಮೊದಲೇ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯುತ್ತಿದ್ದರು. ಸರಿಯಿದ್ದರೆ ಒಂದೇ ಮಾತು, "ಬರಾಬರ್."

ನಾನು ಐದನೇ ಕ್ಲಾಸಿನಲ್ಲಿರುವಾಗ ಅವರ ಕಣ್ಣು ಮಂಜಾಯಿತು. ಮೈಕ್ರೋಮೀಟರಿನಲ್ಲಿ ತಿರುಗುವ ಡ್ರಮ್ಮಿನ ದೊಡ್ಡ ಅಂಕಿಗಳು ಹೇಗೋ ಕಾಣುತ್ತಿದ್ದವು. ಅರ್ಧ ಮಿಲಿಮೀಟರ್ ತೋರಿಸುವ ಸಣ್ಣ ಗೆರೆ ಮಾತ್ರ ಕಾಣುತ್ತಿರಲಿಲ್ಲ, ಅದು ತಪ್ಪಿದರೆ ಅಳತೆಯೇ ಅರ್ಧ ಮಿಲಿಮೀಟರ್ ತಪ್ಪು. ಒಂದು ಬೆಳಿಗ್ಗೆ ಅಮ್ಮನನ್ನು ಕರೆದರು. "ಹೆಣೆ, ಇದ್ರಗೆ ಎಷ್ಟಿತ್ತ್ ಕಾಣ್." ಏಳನೇ ಕ್ಲಾಸು ಓದಿದ್ದ ಅಮ್ಮ ಅಕ್ಕಿ ತೊಳೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಓದಿದಳು. ಅಂದಿನಿಂದ ದಿನಾ ಅದೇ. ಅಮ್ಮ ಮೊದಲು ಪೂರ್ತಿ ಮಿಲಿಮೀಟರ್ ಹೇಳಿ, ಗೆರೆ ಕಂಡರೆ "ಅರ್ಧ ಇತ್ತ್", ಕಾಣದಿದ್ದರೆ "ಅರ್ಧ ಇಲ್ಲೆ" ಎಂದು ಹೇಳಿ, ಆಮೇಲೆ ಉಳಿದದ್ದು ಹೇಳುತ್ತಿದ್ದಳು. ಗಿರಾಕಿಗಳು ಬರುವ ಮೊದಲೇ ಮುಗಿಯಬೇಕು. ಹೊರಗೆ ಬಾಯಿಬಿಟ್ಟರೆ ಜಾಗ್ರತೆ ಎಂದು ನನ್ನನ್ನು ಹೆದರಿಸಿದ್ದರು. ಕಣ್ಣು ಕಾಣದ ಟರ್ನರನ ಹತ್ತಿರ ಯಾರು ಕ್ರ್ಯಾಂಕ್ ತರುತ್ತಾರೆ?

ಆಗಲೇ ತರುವವರು ಕಡಿಮೆಯಾಗಿದ್ದರು. ಬೋಟುಗಳಿಗೆ ಹೊಸ ಎಂಜಿನ್ ಬಂದಿತ್ತು, ಸವೆದರೆ ಬಿಸಾಡಿ ಬೇರೆ ಹಾಕುವಂಥದ್ದು. ಉಳಿದದ್ದು ಹಂಚಿನ ಕಾರ್ಖಾನೆಯ ಒಂಬತ್ತು ಅಡಿಯ ಕ್ರ್ಯಾಂಕ್. ಮೊದಲೇ ಮೂರು ಸಲ ಕಡಿಸಿಕೊಂಡು ಸಣಕಲಾಗಿತ್ತು. ಇದೇ ಕೊನೆಯ ಸಲ, ಇನ್ನೊಮ್ಮೆ ತಾಳದು. ಆರು ಜರ್ನಲ್, ಎಲ್ಲವನ್ನೂ ನೂರಾ ಹದಿನೆಂಟು ಮಿಲಿಮೀಟರಿಗೆ ಇಳಿಸಬೇಕು. ಇದೊಂದನ್ನು ಚೆನ್ನಾಗಿ ಮಾಡಿ ಕೊಟ್ಟರೆ ಹೆಸರು ಉಳಿಯುತ್ತದೆ ಎಂದು ಅಪ್ಪಯ್ಯ ಅದರ ಸುತ್ತ ಮಗುವಿನ ತೊಟ್ಟಿಲು ಸುತ್ತುವ ಹಾಗೆ ಸುತ್ತುತ್ತಿದ್ದರು. ಮೊದಲನೆಯದನ್ನು ಕೊನೆಯ ಸಲ ಕಡಿಯುವ ಮೊದಲಿನ ಅಳತೆಯ ಹೊತ್ತಿಗೆ ಸರಿಯಾಗಿ, ಆ ಬೆಳಿಗ್ಗೆ, ಕಾರ್ಖಾನೆಯ ಧಣಿಗಳೇ ಕಾರಿನಲ್ಲಿ ಬಂದಿಳಿದರು. ಮೈಕ್ರೋಮೀಟರ್ ಅಮ್ಮನ ಕೈಯಲ್ಲಿತ್ತು. ಅಪ್ಪಯ್ಯ ಅದನ್ನು ಕಿತ್ತುಕೊಂಡರು. "ಧಣಿಗಳಿಗೆ ಚಾ ಮಾಡ್, ಹೋಗ್." ಅಮ್ಮ ಹೋಗದೆ ಹೊಸ್ತಿಲಲ್ಲಿ ನಿಂತಳು. ಅಪ್ಪಯ್ಯ ತಾವೇ ಹಿಡಿದು, ಬೆಳಕಿಗೆ ಎತ್ತಿ, ಗಟ್ಟಿಯಾಗಿ ಒಂದು ಅಂಕಿ ಹೇಳಿ, ಲೇತ್ ಚಾಲೂ ಮಾಡಿದರು. ಧಣಿಗಳು ಏನೋ ಹೇಳಲು ಬಾಯಿ ತೆರೆದು, ಸದ್ದಿಗೆ ಸುಮ್ಮನಾಗಿ ಜಗಲಿಗೆ ಹೋಗಿ ಕೂತರು.

ಚಾ ಕೊಟ್ಟು ಬಂದ ಅಮ್ಮ, ತಣಿಯಲೂ ಕಾಯದೆ, ಮೆಲ್ಲಗೆ ಅಳೆದಳು. "ನೂರಾ ಹದ್ನೇಳ್. ಅರ್ಧ ಇತ್ತ್."

"ಹದ್ನೆಂಟ್ ಇರ್ಕ್. ಸಮ ಕಾಣ್."

ಅಮ್ಮ ಮೂರು ಸಲ ನೋಡಿದಳು. ಮೂರನೆಯ ಸಲ ತಲೆ ಅಲ್ಲಾಡಿಸಿದಳು. ಇಲ್ಲದ ಅರ್ಧವನ್ನು ಇದೆಯೆಂದುಕೊಂಡು ಅಪ್ಪಯ್ಯ ಕಡಿದುಹಾಕಿದ್ದರು. ಏಳೆಂಟು ಕೂದಲಿನ ದಪ್ಪ, ಅಷ್ಟೇ. ಕಡಿದದ್ದನ್ನು ಅಂಟಿಸಲು ಬರುವುದಿಲ್ಲ.

ಅಪ್ಪಯ್ಯ ಕೈ ಒರೆಸಿಕೊಂಡು ಜಗಲಿಗೆ ಹೋದರು. "ನನ್ ತಪ್ಪ್. ಒಂದ್ ಜರ್ನಲ್ ಹಾಳಾಯ್ತ್. ನಂಗ್ ಕಣ್ಣ್ ಕಾಂತಿಲ್ಲೆ, ವರ್ಷ ಆಯ್ತ್." ನಾನು ಬೈಗುಳಕ್ಕೆ ಕಾದು ಕಿವಿ ಮುಚ್ಚಿಕೊಂಡಿದ್ದೆ. ಧಣಿಗಳು ಚಾ ಲೋಟವನ್ನು ನೋಡುತ್ತಾ ಹೇಳಿದರು, "ಹೋಯ್ಲಿ ಬಿಡಿ ಮೇಸ್ತ್ರಿ. ಕೆಲ್ಸ ನಿಲ್ಸಿ ಅಂದೇಳಿ ಹೇಳುಕೇ ಬಂದದ್ದ್ ನಾನ್. ಬಪ್ಪ ತಿಂಗ್ಳ್ ಬಾಗ್ಲ್ ಹಾಕ್ತೆ. ಹಂಚ್ ತಕಂಬವ್ರೇ ಇಲ್ಲೆ. ನಿಮ್ಮನ್ ಕಂಡ್ ಬಾಯಿ ಬರ್ಲಿಲ್ಲೆ."

ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಒಳ್ಳೆಯ ಮನುಷ್ಯ, ಆದರೂ ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪಯ್ಯನ ಜೀವಮಾನದ ದೊಡ್ಡ ತಪ್ಪಿನಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಅಂದು ಅವರು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಾಗ ಲೇತಿನ ಸದ್ದು. ಅಪ್ಪಯ್ಯ ಎರಡನೆಯ ಜರ್ನಲ್ ಕಡಿಯುತ್ತಿದ್ದರು, ಅಮ್ಮ ಮೈಕ್ರೋಮೀಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾರಿಗಾಗಿ ಎಂದು ಅಮ್ಮ ಕೇಳಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ದಾರಿಯಲ್ಲಿ ಹೋಗುವವರು ಇಣುಕಿ ನೋಡುತ್ತಿದ್ದರು, ಇಬ್ಬರೂ ತಲೆ ಎತ್ತಲಿಲ್ಲ. ಹನ್ನೊಂದು ದಿನದಲ್ಲಿ ಉಳಿದ ಐದನ್ನೂ ಮುಗಿಸಿದರು. ಐದೂ ಬರಾಬರ್. ಎಣ್ಣೆ ಬಳಿದು, ಅಮ್ಮನ ಹಳೆಯ ಸೀರೆ ಹರಿದು ಸುತ್ತಿದರು.

ಧಣಿಗಳಿಂದ ಕ್ರ್ಯಾಂಕ್ ಕೊಂಡ ಗುಜರಿಯವರು ಬಂದದ್ದು ಸೋಮವಾರ. ನಾಲ್ಕು ಹುಡುಗರು ಚೈನ್ ಕಟ್ಟಿ ಅದನ್ನು ಅಂಗಳಕ್ಕೆ ಎಳೆಯತೊಡಗಿದಾಗ ಅಪ್ಪಯ್ಯ ಒಳಗಿನಿಂದ ಓಡಿ ಬಂದರು. "ಹ್ವಾಯ್, ಎಳಿಬ್ಯಾಡಿ, ಜರ್ನಲ್ಲಿಗೆ ಗೀರ್ ಬೀಳತ್ತ್!" ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. ಗೋಣಿ ಹಾಸಿ, ಅದನ್ನು ನಾಲ್ವರೂ ಸೇರಿ ಎತ್ತಿ, ತಾಗದ ಹಾಗೆ ಮೆಲ್ಲಗೆ ಇಳಿಸಿದರು. ಆಮೇಲೆ ತುಂಡು ಮಾಡಲು ಗ್ಯಾಸ್ ಹಚ್ಚಿದರು.